ಹೆಸರಿಡಲೂ ಕನ್ನಡಕ್ಕೆ ಜಾಗವಿಲ್ಲವೇ?

ಕನ್ನಡದ ಯುವಕ ಯುವತಿಯರೇ,

ನಿಮ್ಮ ಕಂಪ್ಯೂಟರಿನ ಒಂದು ಕಡತಕ್ಕೆ ‘ಇಂಡಿ ಸಿಂದಗಿ ಮುದ್ದೇಬಿಹಾಳ ಬಸವನ ಬಾಗೇವಾಡಿ’ ಎಂದು ಹೆಸರಿಡಿ. ವಿಜಯಪುರ ಜಿಲ್ಲೆಯ ನಾಲ್ಕು ಊರು, ಅಷ್ಟೇ. ಇಂಗ್ಲಿಷಿನಲ್ಲಿ ಬರೆದರೆ 41 ಬೈಟ್. ಕನ್ನಡದಲ್ಲಿ, ಯುಟಿಎಫ್-8 ಲೆಕ್ಕದಂತೆ, 103! ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ನಮ್ಮದಕ್ಕೆ ಮೂರು. ಗುಡಿಸು, ಕೊಂಬು, ಸೊನ್ನೆಗೂ ಬೇರೆ ಮೂರು ಮೂರು, ಒತ್ತಿಗೆ ಆರು.

ಉಬುಂಟು, ಡೆಬಿಯನ್‌ಗಳ ಡೀಫಾಲ್ಟ್ ಫೈಲ್‌ಸಿಸ್ಟಂ ಇಎಕ್ಸ್‌ಟಿ4 ಒಂದು ಹೆಸರಿಗೆ ಕೊಡುವುದು 255 ಬೈಟ್. ಇಂಗ್ಲಿಷಿಗೆ 255 ಅಕ್ಷರ, ಕನ್ನಡಕ್ಕೆ 85 ಚಿಹ್ನೆ! 2020ರಲ್ಲಿ ಫೆಡೋರಾ 33 ತನ್ನ ಡೆಸ್ಕ್‌ಟಾಪಿಗೆ ಬಿಟಿಆರ್‌ಎಫ್‌ಎಸ್ ಆರಿಸಿತು. ಮಿತಿ ಅದೇ 255 ಬೈಟ್. ಮೈಕ್ರೋಸಾಫ್ಟಿನ ಎನ್‌ಟಿಎಫ್‌ಎಸ್ ಎರಡೂ ಭಾಷೆಗೆ ಸಮನಾಗಿ 255 ಚಿಹ್ನೆ ಕೊಡುತ್ತದೆ. ಸ್ವತಂತ್ರ ತಂತ್ರಾಂಶವೆಂದು ನಾವು ಹೊತ್ತು ಮೆರೆಸಿದ್ದರಲ್ಲೇ ಈ ಭೇದ. ಹೇಳಲು ನಾಚಿಕೆ!

ತಾಲ್ಲೂಕು, ಹೋಬಳಿ, ಹಳ್ಳಿ, ವಿಷಯ ಸೇರಿಸಿ ಕಡತಕ್ಕೆ ಹೆಸರಿಡುವ ಗುಮಾಸ್ತರು ಹೆಸರು ಹಿಡಿಸದಿದ್ದಾಗ ಏನು ಮಾಡಿಯಾರು? ಇಂಗ್ಲಿಷಿಗೆ ಇಳಿಯುತ್ತಾರೆ.

ಬೆಂಗಳೂರಿನಲ್ಲಿ ಕೂತು ಕೋಡು ಬರೆಯುವವರು ನೀವಲ್ಲವೇ? ಡೀಫಾಲ್ಟ್ ಯಾವುದಿರಲಿ ಎಂಬ ಚರ್ಚೆ ಬಂದಾಗ ವೇಗದ ಮಾತಿಗೂ ಮೊದಲು ಕೇಳಿ: ಹೆಸರನ್ನು ಬೈಟಿನಲ್ಲಿ ಅಳೆಯುತ್ತೀರೋ, ಅಕ್ಷರದಲ್ಲೋ?