ಇಗರ್ಜಿಗೆ ಬರುವ ಪ್ರವಾಸಿಗರು: ಉಡುಪಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ



ಉಡುಪಿ ಜಿಲ್ಲೆಯ ಹಳೆಯ ಕಥೊಲಿಕ ಇಗರ್ಜಿಗಳು ಇಂದಿಗೂ ಬಲಿಪೂಜೆ ನಡೆಯುವ ಆರಾಧನಾ ಮಂದಿರಗಳು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದದ್ದು 1678ರಲ್ಲಿ. 2012ರಲ್ಲಿ ಉಡುಪಿ ಧರ್ಮಪ್ರಾಂತ ರಚನೆಯಾದಾಗ ಅದೇ ಕೆಥೆಡ್ರಲ್ ಆಯಿತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ 1759ರದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದೂ ನೆಲಸಮವಾಯಿತು. 1799ರಲ್ಲಿ ಟಿಪ್ಪು ಮಡಿದ ನಂತರ, ಬದುಕುಳಿದು ಊರಿಗೆ ಮರಳಿದವರು 1801ರಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು. 2016ರಲ್ಲಿ ಪೋಪ್ ಫ್ರಾನ್ಸಿಸರು ಅದಕ್ಕೆ ಕಿರಿಯ ಬೆಸಿಲಿಕಾದ ಸ್ಥಾನ ನೀಡಿದರು.

ಜನವರಿಯಲ್ಲಿ ನಡೆಯುವ ಅತ್ತೂರು ಜಾತ್ರೆಗೆ ಎಲ್ಲ ಮತದವರೂ ಬಂದು ಮೇಣದಬತ್ತಿ ಹಚ್ಚಿ ಹರಕೆ ಒಪ್ಪಿಸುತ್ತಾರೆ. ತಲೆಮಾರುಗಳಿಂದ ಬರುತ್ತಿರುವ ಆ ಭಕ್ತರಿಗೆ ಯಾರೂ ನಡತೆ ಕಲಿಸಬೇಕಾಗಿಲ್ಲ. ತೊಡಕಾಗುವುದು ಉಳಿದ ದಿನಗಳಲ್ಲಿ. ಕೃಷ್ಣಮಠ, ಮಲ್ಪೆ, ಕಾಪು ದೀಪಸ್ತಂಭ ನೋಡುವ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಳಗೆ ಬರುವ ದೂರದೂರಿನವರಿಗೆ, ಮಣಿಪಾಲದಲ್ಲಿ ಓದಲು ಬಂದಿರುವ ಹೊರರಾಜ್ಯದ ಮಕ್ಕಳಿಗೆ ಇಲ್ಲಿನ ಕ್ರಮ ಗೊತ್ತಿರುವುದಿಲ್ಲ. ಅವರಲ್ಲಿ ಬೇಕೆಂದೇ ಅಗೌರವ ತೋರುವವರು ತೀರ ಕಡಿಮೆ.

ಇಗರ್ಜಿಯ ಕೇಂದ್ರ ಬಲಿಪೀಠ. ಪೂಜೆ ಇಲ್ಲದ ಹೊತ್ತಿನಲ್ಲೂ ಅದರ ಮೆಟ್ಟಿಲೇರುವುದು, ಪೀಠದ ಮೇಲೆ ಚೀಲ ಅಥವಾ ಮೊಬೈಲ್ ಇಡುವುದು ಸಲ್ಲದು. ಅದರ ಹಿಂದೆಯೋ ಪಕ್ಕದಲ್ಲೋ ಪರಮಪ್ರಸಾದವನ್ನು, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯನ್ನು, ಕಾಯ್ದಿಡುವ ಪೆಟ್ಟಿಗೆಯಿದ್ದು, ಬಳಿಯಲ್ಲಿ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಕ್ರಿಸ್ತರು ಅಲ್ಲಿ ಸಾಕ್ಷಾತ್ ಇದ್ದಾರೆಂಬುದು ಕಥೊಲಿಕರ ನಂಬಿಕೆ. ಆದ್ದರಿಂದಲೇ ಒಳಗೆ ಬಂದವರು ಮೊದಲು ಅತ್ತ ತಿರುಗಿ ಮೊಣಕಾಲೂರುತ್ತಾರೆ. ಬೇರೆ ಮತದವರು ಮೊಣಕಾಲೂರಬೇಕಾಗಿಲ್ಲ; ದನಿ ತಗ್ಗಿಸಿದರೆ ಸಾಕು. ಬೆಂಚುಗಳ ಕೆಳಗಿನ ಹಲಗೆ ಪ್ರಾರ್ಥನೆಗೆ ಮೊಣಕಾಲೂರಲೆಂದು ಇರುವುದು, ಅದರ ಮೇಲೆ ಚಪ್ಪಲಿಗಾಲು ಇಡಬಾರದು. ಪಾಪನಿವೇದನೆಯ ಪೀಠದೊಳಗೆ ಕುಳಿತು ಫೋಟೊ ತೆಗೆಸಿಕೊಳ್ಳುವುದಂತೂ ಕೂಡದು. ಒಬ್ಬ ವ್ಯಕ್ತಿ ತನ್ನ ತಪ್ಪುಗಳನ್ನೆಲ್ಲ ದೇವರೆದುರು ಬಿಚ್ಚಿಡುವ ಜಾಗ ಅದು.

ಎಲ್ಲಕ್ಕಿಂತ ಹೆಚ್ಚು ನೋವಿಗೆ ಕಾರಣವಾಗಬಲ್ಲದ್ದು ಪರಮಪ್ರಸಾದದ ಸಾಲು. ದೇವಸ್ಥಾನದಲ್ಲಿ ಬಂದವರೆಲ್ಲರಿಗೂ ಪ್ರಸಾದ ಸಿಗುತ್ತದೆ, ಬೇಡವೆಂದರೆ ಅದೇ ತಪ್ಪು. ಇಲ್ಲೂ ಹಾಗೆಯೇ ಎಂದು ತಿಳಿದು ಭಕ್ತಿಯಿಂದಲೇ ಸಾಲಿಗೆ ನಿಲ್ಲುವವರುಂಟು. ಆದರೆ ಬಲಿಪೂಜೆಯ ರೊಟ್ಟಿ ದೀಕ್ಷಾಸ್ನಾನ ಪಡೆದು ಸಿದ್ಧರಾಗಿ ಬಂದ ಕಥೊಲಿಕರಿಗೆ ಮಾತ್ರ. ಅದನ್ನು ಕೈಯಲ್ಲಿ ಹಿಡಿದುಕೊಂಡೋ ಕಿಸೆಗೆ ಹಾಕಿಕೊಂಡೋ ಹೊರಟರೆ ಇಡೀ ಸಭೆ ಕಳವಳಗೊಳ್ಳುತ್ತದೆ. ಆ ಹೊತ್ತಿನಲ್ಲಿ ಅತಿಥಿಗಳು ಕುಳಿತಲ್ಲೇ ಇರಬೇಕು. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಪೂಜೆ ನಡೆಯುವಾಗ ಬಂದವರು ಹಿಂದಿನ ಬೆಂಚಿನಲ್ಲಿ ಕೂರಬಹುದು. ಸುತ್ತ ತಿರುಗಾಡಿ ಚಿತ್ರ, ಪ್ರತಿಮೆಗಳನ್ನು ನೋಡುವುದು ಪೂಜೆ ಮುಗಿದ ಮೇಲೆ.

ಉಡುಪಿನ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಕಾಪುವಿನ ಕಡಲಲ್ಲಿ ಮಿಂದ ಚಡ್ಡಿಯಲ್ಲೇ ಶಿರ್ವದ ಆರೋಗ್ಯ ಮಾತೆಯ ಇಗರ್ಜಿಗೆ ಹೋಗಬಾರದು; ಹೆಗಲು, ಮೊಣಕಾಲು ಮುಚ್ಚಿರಬೇಕು, ಗಂಡಸರು ಟೊಪ್ಪಿ ತೆಗೆಯಬೇಕು. ಚಪ್ಪಲಿಯ ವಿಷಯದಲ್ಲಿ ಊರಿನವರು ಬಾಗಿಲಲ್ಲಿ ಮಾಡುವಂತೆ ಮಾಡಿದರಾಯಿತು.

ಫೋಟೊ ತೆಗೆಯುವ ಮುನ್ನ ಧರ್ಮಗುರುಗಳ ಕಚೇರಿಯಲ್ಲಿ ಕೇಳಬೇಕು. ಒಪ್ಪಿಗೆ ಸಿಕ್ಕರೂ ಪ್ರಾರ್ಥಿಸುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವಂತಿಲ್ಲ. ಮದುವೆಗೆ ಮುಂಚಿನ ಫೋಟೊಶೂಟ್, ಡ್ರೋನ್ ಚಿತ್ರೀಕರಣ, ರೀಲ್ಸ್ ಕುಣಿತಗಳಿಗೆ ಇಗರ್ಜಿಯ ಒಳಾಂಗಣ ತಕ್ಕ ಜಾಗವಲ್ಲ, ಪಕ್ಕದ ಸಮಾಧಿ ಭೂಮಿಯಂತೂ ಅಲ್ಲವೇ ಅಲ್ಲ. ಅಲ್ಲಿ ಮಲಗಿರುವವರ ಮಕ್ಕಳು, ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಹೂವು, ಮೇಣದಬತ್ತಿ ಹಿಡಿದು ಬರುತ್ತಾರೆ. ಶವಸಂಸ್ಕಾರ ನಡೆಯುತ್ತಿದ್ದರೆ ಪ್ರವಾಸಿಗರು ಮತ್ತೊಂದು ದಿನ ಬರುವುದೇ ಮರ್ಯಾದೆ.

ಇದಿಷ್ಟನ್ನು ತಿಳಿಸಲು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿಲ್ಲ. ಧರ್ಮಪ್ರಾಂತದೊಂದಿಗೆ ಮಾತಾಡಿ ಅತ್ತೂರು, ಕಲ್ಯಾಣಪುರ, ಶಿರ್ವದ ಇಗರ್ಜಿಗಳ ಬಾಗಿಲಲ್ಲಿ ಕನ್ನಡ, ಹಿಂದಿ, ಮಲಯಾಳಂ, ಇಂಗ್ಲಿಷ್‌ನಲ್ಲಿ ಚಿಕ್ಕ ಫಲಕ ಹಾಕಿಸಬಹುದು. ಪ್ರವಾಸೋದ್ಯಮ ಇಲಾಖೆಯ ಕೈಪಿಡಿಗಳಲ್ಲಿ ಪೂಜೆಯ ವೇಳೆಯನ್ನೂ ಮುದ್ರಿಸಬಹುದು. ಫಲಕಕ್ಕಿಂತ ಮುಖ್ಯವಾದವರು ಟ್ಯಾಕ್ಸಿ ಚಾಲಕರು ಮತ್ತು ಮಾರ್ಗದರ್ಶಕರು, ಏಕೆಂದರೆ ಪ್ರವಾಸಿಗರು ಕಾರಿನಿಂದ ಇಳಿಯುವ ಮೊದಲೇ ಎರಡು ಮಾತು ಹೇಳಬಲ್ಲವರು ಅವರೇ. ಅವರಿಗೆ ಅರ್ಧ ದಿನದ ತರಬೇತಿ ಸಾಕು. ಬರುವ ಜನವರಿಯ ಅತ್ತೂರು ಜಾತ್ರೆಗೆ ಮುಂಚೆ ಈ ಕೆಲಸ ಆರಂಭಿಸಿಕೊಡಬೇಕೆಂದು ತಮ್ಮಲ್ಲಿ ವಿನಂತಿ.