ಎಳೆಯುವ ಬಲವೂ ತಡೆಯುವ ಬಲವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕು ಬಹು ಬಳಕೆಯ ವಾಹನ. ಮುಂದೆ ಕಾರಿನಂತೆ ಆಸನಗಳು, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ಅದರ ಬೆನ್ನಿಗೆ ಟ್ರೇಲರನ್ನು ಕೊಂಡಿಹಾಕಿ ದೋಣಿಯನ್ನೋ ಕುದುರೆಗಳನ್ನೋ ಎಳೆದೊಯ್ಯುವುದು ಅಲ್ಲಿಯವರಿಗೆ ವಾಡಿಕೆ. ಇಂತಹ ಟ್ರಕ್ಕನ್ನು ಕೊಳ್ಳಹೊರಟವನು “ಎಂಜಿನು ಎಷ್ಟು ಲೀಟರಿನದು?” ಎಂದು ಮೊದಲು ಕೇಳುವುದುಂಟು. ಪ್ರಶ್ನೆಯೇನೋ ಸರಿಯೆ; ಆದರೆ ಅದು ಮೊದಲ ಪ್ರಶ್ನೆಯಾಗತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ.

ಎಂಜಿನಿನ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಒಂದು ಸಲ ಮೇಲಿನಿಂದ ಕೆಳಕ್ಕೆ ಚಲಿಸಿದಾಗ ತೆರವಾಗುವ ಒಟ್ಟು ಅವಕಾಶವನ್ನೇ ಲೀಟರುಗಳಲ್ಲಿ ಹೇಳುತ್ತಾರೆ. ಅವಕಾಶ ಹೆಚ್ಚಿದಷ್ಟೂ ಒಳಬರುವ ಗಾಳಿ ಹೆಚ್ಚು. ಗಾಳಿ ಹೆಚ್ಚಿದಷ್ಟೂ ಉರಿಸಬಹುದಾದ ಇಂಧನ ಹೆಚ್ಚು. ಆದರೆ ಗಾಳಿಯನ್ನು ಅದುಮಿ ತುಂಬಿದರೆ ಚಿಕ್ಕ ಎಂಜಿನಿನಿಂದಲೂ ದೊಡ್ಡ ಕೆಲಸವಾದೀತು. ಹೊರಬೀಳುವ ಬಿಸಿ ಅನಿಲದಿಂದಲೇ ಚಕ್ರವೊಂದನ್ನು ತಿರುಗಿಸಿ ಗಾಳಿಯನ್ನು ಅದುಮುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿಯೇ ಪೇಟೆಂಟು ಪಡೆದನು. ಇದೇ ಟರ್ಬೊಚಾರ್ಜರು.

ಫೋರ್ಡ್ ಕಂಪನಿಯ 2011ರ ಎಫ್-150 ಟ್ರಕ್ಕು ಇದಕ್ಕೆ ಒಳ್ಳೆಯ ನಿದರ್ಶನ. ಅದರ 5 ಲೀಟರಿನ ಎಂಟು ಸಿಲಿಂಡರ್ ಎಂಜಿನಿಗೆ 360 ಅಶ್ವಶಕ್ತಿ. ಎರಡು ಟರ್ಬೊಗಳುಳ್ಳ 3.5 ಲೀಟರಿನ ಆರು ಸಿಲಿಂಡರ್ ಎಂಜಿನಿಗೆ 365. ಚಕ್ರವನ್ನು ತಿರುಗಿಸುವ ಬಲವಾದ ಟಾರ್ಕಿನಲ್ಲಿಯೂ ಚಿಕ್ಕದೇ ಮೇಲು. ಅದರ ಪರಮಾವಧಿ ಟಾರ್ಕು ನಿಮಿಷಕ್ಕೆ 2,500 ಸುತ್ತಿನಲ್ಲಿಯೇ ದೊರೆಯುತ್ತದೆ. ದೊಡ್ಡದಕ್ಕೆ 4,250 ಸುತ್ತು ಬೇಕು. ಎತ್ತರದ ಪ್ರದೇಶದಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ. ಟರ್ಬೊ ಇಲ್ಲದ ಎಂಜಿನು ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೆಯ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗವು ಸಮುದ್ರಮಟ್ಟದಿಂದ 3,400 ಮೀಟರು ಎತ್ತರದಲ್ಲಿದೆ ಎಂಬುದನ್ನು ನೆನೆದರೆ ನಷ್ಟ ಎಷ್ಟೆಂದು ತಿಳಿಯುತ್ತದೆ.

ಹಾಗಾದರೆ ಏರನ್ನು ಹತ್ತಲು ಎಷ್ಟು ಶಕ್ತಿ ಬೇಕು? ಲೆಕ್ಕ ಮಾಡಿ ನೋಡೋಣ. ಅರಿಜೋನದ ಡೇವಿಸ್ ಅಣೆಕಟ್ಟಿನ ಬಳಿ ಸುಮಾರು 18 ಕಿಲೋಮೀಟರಿನಲ್ಲಿ 900 ಮೀಟರು ಏರುವ ರಸ್ತೆಯೊಂದಿದೆ. ವಾಹನ ಎಂಜಿನಿಯರುಗಳ ಸಂಘವಾದ ಎಸ್.ಎ.ಇ.ಯ ಜೆ 2807 ನಿಯಮದಂತೆ ಎಳೆಯುವ ಸಾಮರ್ಥ್ಯವನ್ನು ಅಳೆಯುವುದಕ್ಕೆ ಈ ಏರೇ ಒರೆಗಲ್ಲು. ಟ್ರಕ್ಕು 2,500 ಕಿಲೋಗ್ರಾಂ, ಟ್ರೇಲರು 3,000 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಈ ಭಾರವನ್ನು ಮೇಲೆತ್ತುವುದಕ್ಕೆ ಸುಮಾರು 48 ಕಿಲೋವಾಟು ಬೇಕು. ಗಾಳಿಯ ಅಡ್ಡಿ, ಚಕ್ರಗಳ ಘರ್ಷಣೆ ಎಲ್ಲವನ್ನೂ ಸೇರಿಸಿದರೂ ಸುಮಾರು 100 ಅಶ್ವಶಕ್ತಿ ಸಾಕು. ಮೇಲೆ ಹೇಳಿದ ಎರಡು ಎಂಜಿನುಗಳಿಗೂ ಇದು ಮೂರನೆಯ ಒಂದು ಪಾಲನ್ನೂ ಮುಟ್ಟದು! ಆ ಕೆಲಸವನ್ನು ಹದಿನೇಳು ನಿಮಿಷ ಬಿಡುವಿಲ್ಲದೆ ಮಾಡುವಾಗ ಎಂಜಿನಿನ ಶಾಖವನ್ನು ರೇಡಿಯೇಟರು ಹೊರಹಾಕಬಲ್ಲುದೆ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ.

ಏರಿದವನು ಇಳಿಯಲೇಬೇಕು. ಶಕ್ತಿಗೆ ನಾಶವಿಲ್ಲವೆಂಬುದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ನಿಯಮ. 900 ಮೀಟರು ಮೇಲೇರಿದ 5,500 ಕಿಲೋಗ್ರಾಂ ಭಾರದಲ್ಲಿ ಸುಮಾರು 485 ಲಕ್ಷ ಜೂಲಿನಷ್ಟು ಶಕ್ತಿ ಅಡಗಿರುತ್ತದೆ. ಅದು 165 ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸಾಕಾಗುವಷ್ಟು. ಇಳಿಯುವಾಗ ಒಂದು ಪಾಲನ್ನು ಗಾಳಿಯೂ ಚಕ್ರಗಳ ಘರ್ಷಣೆಯೂ ಹೀರುತ್ತವೆ. ಉಳಿದುದೆಲ್ಲ ಬ್ರೇಕು ಮತ್ತು ಎಂಜಿನುಗಳ ಪಾಲಿಗೆ. ಚಾಲಕನು ಕಾಲನ್ನು ಬ್ರೇಕಿನ ಮೇಲೆಯೇ ಊರಿದ್ದರೆ ಅದು ಕೆಂಪಗೆ ಕಾದು, ಹಿಡಿತವನ್ನು ಕಳೆದುಕೊಂಡು, ಪ್ರಾಣಕ್ಕೇ ಎರವಾಗಬಹುದು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನೇ ವೇಗವನ್ನು ತಡೆಯುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಈ ತಡೆಯುವ ಕೆಲಸದಲ್ಲಿ ಹೆಚ್ಚು ಲೀಟರಿನ ಎಂಜಿನೇ ಸಾಮಾನ್ಯವಾಗಿ ಮೇಲು. ಆದರೂ ಅದೊಂದನ್ನೇ ನಂಬಲಾಗದು. ಆದುದರಿಂದಲೇ ಅಮೆರಿಕದ ಹಲವು ರಾಜ್ಯಗಳಲ್ಲಿ ಸುಮಾರು 1,360 ಕಿಲೋಗ್ರಾಮನ್ನು ಮೀರಿದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ. ನಮ್ಮ ಗಾಡಿಯವರೂ ಘಾಟಿಯನ್ನಿಳಿಯುವಾಗ ಎತ್ತುಗಳ ಬಲವನ್ನಷ್ಟೇ ನೆಚ್ಚದೆ ಗಾಲಿಗೆ ತಡೆಯೊಡ್ಡುವುದುಂಟಲ್ಲವೆ?

ಎಳೆಯಬೇಕಾದ ತೂಕವೆಷ್ಟು? ದಾರಿಯ ಏರೆಷ್ಟು, ಎತ್ತರವೆಷ್ಟು? ಇಳಿಯುವಾಗ ತಡೆಯುವುದು ಯಾವುದು? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಲೀಟರಿನ ಮಾತು ತೆಗೆಯಬಹುದು. ವರ್ಷಕ್ಕೆರಡು ಸಲ ದೋಣಿಯನ್ನೆಳೆಯುವುದಕ್ಕಾಗಿ ದೈತ್ಯ ಎಂಜಿನನ್ನು ಕೊಂಡವನು ಉಳಿದ ದಿನಗಳಲ್ಲೆಲ್ಲ ಪೆಟ್ರೋಲಿಗೆ ದಂಡ ತೆರುತ್ತಾನೆ. ಕಾಗದ, ಪೆನ್ಸಿಲು ಹಿಡಿದು ಹತ್ತು ನಿಮಿಷ ಲೆಕ್ಕ ಮಾಡಿದವನು ಹಣವನ್ನೂ ಉಳಿಸಿಯಾನು, ಪ್ರಾಣವನ್ನೂ ಉಳಿಸಿಯಾನು.