ಊರಿನ ಕೆಮ್ಮು, ಕಾಡಿನ ಆನೆ

ಮಂಗನ ಕಾಯಿಲೆ ಕಂಡ ನಾಡು ನಮ್ಮದು. ಕಾಡಿನ ರೋಗ ಊರಿಗೆ ಬಂದೀತೆಂಬ ಭಯ 1957ರಿಂದಲೂ ನಮಗಿದೆ. ಊರಿನ ರೋಗ ಕಾಡಿಗೆ ಹೋಗುತ್ತಿರುವುದು ಮಾತ್ರ ನಮ್ಮನ್ನು ಇನ್ನೂ ಕಾಡಿಲ್ಲ.

2013ರಲ್ಲಿ ಉಗಾಂಡದ ಕಿಬಾಲೆ ಅರಣ್ಯದ 56 ಚಿಂಪಾಂಜಿಗಳ ಗುಂಪಿನಲ್ಲಿ ಕೆಮ್ಮು ಹರಡಿ ಐದು ಸತ್ತವು. ಕಾರಣ ರೈನೋವೈರಸ್ ಸಿ, ನಮ್ಮ ಮಕ್ಕಳಿಗೆ ನೆಗಡಿ ತರುವ ವೈರಸ್. 2021ರಲ್ಲಿ ಚೆನ್ನೈನ ವಂಡಲೂರು ಮೃಗಾಲಯದ ಸಿಂಹಗಳಿಗೆ ಕೋವಿಡ್ ತಗುಲಿತು.

ಅವು ದೂರದ ಸುದ್ದಿ ಎನ್ನುವಂತಿಲ್ಲ. ದಕ್ಷಿಣ ಭಾರತದ ಮೂರು ಕಾಡಾನೆಗಳಲ್ಲಿ ಮನುಷ್ಯರ ಕ್ಷಯದ ರೋಗಾಣು ಇದ್ದುದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಚಿತವಾಗಿದೆ. ಸುಮಾರು 6,000 ಕಾಡಾನೆಗಳಿರುವ ಕರ್ನಾಟಕ ಇದನ್ನು ಓದಿ ಸುಮ್ಮನಿರಲಾಗದು.

ನಮ್ಮ ಆನೆ ಶಿಬಿರಗಳನ್ನೇ ನೋಡಿ. ಭತ್ತ, ಬೆಲ್ಲ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಕುಸುರೆಯನ್ನು ಕಾವಾಡಿ ಕೈಯಾರೆ ಆನೆಯ ಬಾಯಿಗಿಡುತ್ತಾನೆ. ಆಗ ಸೊಂಡಿಲ ತುದಿ ಅವನ ಮುಖದ ಹತ್ತಿರವೇ ಇರುತ್ತದೆ. ಹಗಲು ಪ್ರವಾಸಿಗರ ಮುಟ್ಟಾಟ. ರಾತ್ರಿ ಅದೇ ಆನೆಯನ್ನು ಕಾಡಿಗೆ ಮೇಯಲು ಬಿಡುತ್ತಾರೆ. ಕಾಡಿನ ಸಲಗಗಳ ಜತೆ ಸೇರಿ ಮರಿ ಹಾಕಿದ ಶಿಬಿರದ ಹೆಣ್ಣಾನೆಗಳೆಷ್ಟೋ! ರೋಗಾಣು ದಾಟಲು ಇದಕ್ಕಿಂತ ಸಲೀಸಾದ ದಾರಿ ಬೇಕೆ?

ಹಾಗೆಂದು ಮಾವುತನತ್ತ ಬೆರಳು ತೋರಿಸುವುದು ಅನ್ಯಾಯ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗದಷ್ಟು ಮಂದಿ ಇರುವ ದೇಶವಿದು. ಕಫ ಪರೀಕ್ಷೆ, ಔಷಧ, ಪೌಷ್ಟಿಕ ಆಹಾರ ಮಾವುತ, ಕಾವಾಡಿಗಳ ಹಾಡಿಯ ಬಾಗಿಲಿಗೇ ಬರಬೇಕು. ಕಾಯಿಲೆಯೆಂದು ಹೇಳಿಕೊಂಡರೆ ಕೆಲಸ, ಸಂಬಳ ಹೋಗದೆಂಬ ಭರವಸೆ ಅದಕ್ಕಿಂತ ಮೊದಲು ಬೇಕು. ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಆನೆಯ ಪರೀಕ್ಷೆಗೆ ತಾಳ್ಮೆ ಬೇಕು. ಸೊಂಡಿಲೊಳಗೆ ಸಲೈನ್ ಹಾಕಿ, ಸೊಂಡಿಲನ್ನು ಮೇಲೆತ್ತಿಸಿ, ಮತ್ತೆ ಇಳಿಸಿ ಊದಿದ ನೀರನ್ನು ಚೀಲದಲ್ಲಿ ಹಿಡಿಯಬೇಕು. ಬೇರೆ ಬೇರೆ ದಿನ ಮೂರು ಸಲ. ಸಾಕಾನೆಗೆ ರೋಗವಿದ್ದರೆ ತಿಂಗಳುಗಟ್ಟಲೆ ಮಾತ್ರೆ ಕೊಡಬಹುದು. ಕಾಡಾನೆಗೆ ಕೊಡುವವರ್‍ಯಾರು? ತಡೆಯುವುದೊಂದೇ ನಮಗಿರುವ ದಾರಿ.

ದೇವಸ್ಥಾನಗಳಲ್ಲಿ ಸೊಂಡಿಲನ್ನು ತಲೆಯ ಮೇಲಿಡಿಸಿಕೊಳ್ಳುವ ಆಶೀರ್ವಾದ ನಿಲ್ಲಲಿ. ಭಕ್ತರಿಗೆ ನೋವಾದೀತು, ಆದರೂ ನಿಲ್ಲಲಿ. ಶಿಬಿರಗಳಲ್ಲಿ ಪ್ರವಾಸಿಗರು ಆನೆಯಿಂದ ದೂರ ನಿಲ್ಲಲಿ. ಕಾಡಾನೆ ಸತ್ತಾಗ ದಂತದ ಲೆಕ್ಕ ಬರೆಯುವಷ್ಟೇ ಕಡ್ಡಾಯವಾಗಿ ಶ್ವಾಸಕೋಶದ ತುಣುಕು ಪ್ರಯೋಗಾಲಯ ಸೇರಲಿ. ಮುಂದಿನ ದಸರೆಯ ಗಜಪಯಣಕ್ಕೆ ಮೊದಲು ಪ್ರತಿ ಆನೆಯ, ಅದರ ಜತೆ ಹೊರಡುವ ಪ್ರತಿ ಕುಟುಂಬದ ಕ್ಷಯ ಪರೀಕ್ಷೆ ಮುಗಿದಿರಬೇಕು. ಎಷ್ಟು ಪರೀಕ್ಷೆ ನಡೆದವು, ಎಷ್ಟರಲ್ಲಿ ರೋಗ ಕಂಡಿತು ಎಂಬುದನ್ನು, ಯಾರ ಹೆಸರೂ ಹೇಳದೆ, ಅರಣ್ಯ ಇಲಾಖೆ ಜನರ ಮುಂದಿಡಬೇಕು.